ಒಡೆದ ಕಲ್ಲಿನ ಊರಿಗೆ ಹೊಸ ಹೆಸರು

ಥಾಯ್ಲೆಂಡ್ ಅಂದ್ರೆ ನಮ್ಮ ಆಫೀಸುಗಳಲ್ಲಿ ಪುಕೆಟ್, ಪಟ್ಟಾಯ, ಕ್ರಾಬಿ. ಮೂರು ರಾತ್ರಿ, ನಾಲ್ಕು ಹಗಲು, ಒಂದಷ್ಟು ಸಮುದ್ರದ ಫೋಟೋ. ಸ್ವಲ್ಪ ಬೇರೆ ಥರ ಹೋಗೋಣ ಅನ್ನೋರು ಉತ್ತರದ ಚಿಯಾಂಗ್ ಮಾಯ್‌ವರೆಗೆ ಹೋಗ್ತಾರೆ. ಅದಕ್ಕಿಂತಲೂ ಮೇಲೆ, ಬರ್ಮಾ ಗಡಿಗೆ ಅಂಟಿಕೊಂಡಂತೆ ಚಿಯಾಂಗ್ ರಾಯ್ ಪ್ರಾಂತ್ಯದಲ್ಲಿ ಮೇ ಫಾ ಲುವಾಂಗ್ ಅಂತ ಒಂದು ಬೆಟ್ಟದ ಜಿಲ್ಲೆ ಇದೆ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಅನ್ನಬಹುದು. ಹಾವಿನಂಥ ರಸ್ತೆ, ಚಹಾ ತೋಟ, ಕಾಫಿ ತೋಟ, ಚಳಿಗಾಲದಲ್ಲಿ ಗುಲಾಬಿ ಬಣ್ಣದ ಚೆರ್ರಿ ಹೂ.

ಆ ಕಡೆ ಸುತ್ತಾಡಿದಾಗ ನನಗೆ ಹೂವಿಗಿಂತ ಹೆಚ್ಚು ತಲೆ ತಿಂದದ್ದು ಹೆಸರುಗಳು. ಅಲ್ಲಿ ನೋಡಲೇಬೇಕಾದ ಜಾಗಗಳ ಪಟ್ಟಿಯಲ್ಲಿ ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ: ಸಂತಿಖಿರಿ, ಥೋತ್ ಥಾಯ್, ಮೇ ಫಾ ಲುವಾಂಗ್. ಮೂರಕ್ಕೂ ಇನ್ನೂ ಅರವತ್ತು ವರ್ಷ ತುಂಬಿಲ್ಲ. ಕೋಡ್ ಬರೆಯುವವರಿಗೆ ಗೊತ್ತಲ್ಲ, ವೇರಿಯಬಲ್ ಹೆಸರು ಬದಲಾಯಿಸಿದರೆ ಪ್ರೋಗ್ರಾಂ ಮಾಡುವ ಕೆಲಸ ಬದಲಾಗಲ್ಲ. ಊರಿನ ಹೆಸರು ಹಾಗಲ್ಲ. ಊರಿಗೆ ಹೊಸ ಹೆಸರಿಟ್ಟರೆ ಹಳೆಯದನ್ನು ಯಾರಿಗೋ ಮರೆಸಬೇಕಾಗಿದೆ ಅಂತ ಅರ್ಥ.

ಮೊದಲು ಸಂತಿಖಿರಿ. ಜೋರಾಗಿ ಹೇಳಿ ನೋಡಿ, ನಮ್ಮ 'ಶಾಂತಿಗಿರಿ'ಯೇ ಅದು. ಸಂಸ್ಕೃತ ಅಷ್ಟು ದೂರ ನಡೆದುಹೋಗಿ ನಾಲಿಗೆ ಸ್ವಲ್ಪ ತಿರುಚಿಕೊಂಡಿದೆ ಅಷ್ಟೇ. ಜನ ಮಾತ್ರ ಈಗಲೂ ಹಳೇ ಹೆಸರಿನಲ್ಲೇ ಮೇ ಸಲೋಂಗ್ ಅಂತಾರೆ. ಅಂಗಡಿ ಬೋರ್ಡುಗಳಲ್ಲಿ ಚೀನೀ ಅಕ್ಷರ, ತಟ್ಟೆಯಲ್ಲಿ ಯುನ್ನಾನ್ ನೂಡಲ್ಸ್, ಬಟ್ಟಲಲ್ಲಿ ಊಲಾಂಗ್ ಚಹಾ. ಥಾಯ್ಲೆಂಡ್ ಬೆಟ್ಟದ ತುದಿಗೆ ಚೀನಾದ ಊರು ಹೇಗೆ ಬಂತು?

1949ರಲ್ಲಿ ಮಾವೋ ಗೆದ್ದ. ಸೋತ ಚಿಯಾಂಗ್ ಕೈ ಶೇಕ್ ತೈವಾನಿಗೆ ಹೋದ. ಚೀನಾದ ನೈಋತ್ಯ ಮೂಲೆಯ ಯುನ್ನಾನ್‌ನಲ್ಲಿದ್ದ ಅವನ ಕೆಲವು ಪಡೆಗಳಿಗೆ ಸಮುದ್ರ ಸಿಗಲಿಲ್ಲ. ಗಡಿ ದಾಟಿ ಬರ್ಮಾಕ್ಕೆ ಇಳಿದರು. ಜನರ ಬಾಯಲ್ಲಿ ಅವರೆಲ್ಲ '93ನೇ ಡಿವಿಷನ್'. ಅಮೆರಿಕದ ಸಿಐಎ ಗುಟ್ಟಾಗಿ ಬಂದೂಕು ಕೊಟ್ಟಿತು. ವಾಪಸ್ ಯುನ್ನಾನಿಗೆ ನುಗ್ಗಲು ಮಾಡಿದ ಪ್ರಯತ್ನಗಳೆಲ್ಲ ಸೋತವು. 1953ರಲ್ಲಿ ಬರ್ಮಾ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಆಮೇಲೊಮ್ಮೆ, 1961ರಲ್ಲಿ ಇನ್ನೊಮ್ಮೆ, ಸಾವಿರಾರು ಸೈನಿಕರನ್ನು ವಿಮಾನದಲ್ಲಿ ತೈವಾನಿಗೆ ಸಾಗಿಸಿದರು. ಹೋಗದೆ ಉಳಿದವರಲ್ಲಿ ಜನರಲ್ ದುವಾನ್ ಶಿವೆನ್ ಒಬ್ಬ. 1960ರ ದಶಕದ ಆರಂಭದಲ್ಲಿ ಅವನು ತನ್ನ ಜನರನ್ನು ಕಟ್ಟಿಕೊಂಡು ಮೇ ಸಲೋಂಗ್‌ನಲ್ಲಿ ನೆಲೆ ನಿಂತ.

ಸರ್ಕಾರ ಇಲ್ಲದ ಸೈನ್ಯಕ್ಕೆ ಸಂಬಳ ಕೊಡೋರು ಯಾರು? 1967ರಲ್ಲಿ ಬ್ರಿಟಿಷ್ ಪತ್ರಕರ್ತನೊಬ್ಬನಿಗೆ ದುವಾನ್ ಮುಚ್ಚುಮರೆಯಿಲ್ಲದೆ ಲೆಕ್ಕ ಒಪ್ಪಿಸಿದ್ದ: ಯುದ್ಧಕ್ಕೆ ಸೈನ್ಯ ಬೇಕು, ಸೈನ್ಯಕ್ಕೆ ಬಂದೂಕು ಬೇಕು, ಬಂದೂಕಿಗೆ ದುಡ್ಡು ಬೇಕು, ಈ ಬೆಟ್ಟಗಳಲ್ಲಿ ದುಡ್ಡು ಅಂದರೆ ಅಫೀಮು ಒಂದೇ. ಹೇಸರಗತ್ತೆಗಳ ಮೇಲೆ ಅಫೀಮು ಹೇರಿಕೊಂಡು ಬರುವ ಸಾಲುಗಳಿಗೆ ಕಾವಲು, ತೆರಿಗೆ, ವ್ಯಾಪಾರ. ಅವನ ಸೈನ್ಯ ಬದುಕಿದ್ದೇ ಅದರಲ್ಲಿ.

1970ರ ಹೊತ್ತಿಗೆ ಥಾಯ್ ಸರ್ಕಾರಕ್ಕೆ ಅದೇ ಬೆಟ್ಟಗಳಲ್ಲಿ ಕಮ್ಯುನಿಸ್ಟ್ ಬಂಡಾಯದ ತಲೆನೋವು. ಕಮ್ಯುನಿಸ್ಟರ ಜೊತೆ ಹೊಡೆದಾಡಿ ಪಳಗಿದ ಸೈನ್ಯ ಕಣ್ಣೆದುರೇ ಇತ್ತು. ಒಪ್ಪಂದ ಆಯ್ತು: ನಮ್ಮ ಪರ ಕಾದಾಡಿ, ಇಲ್ಲೇ ಇರಿ. ಚಿಯಾಂಗ್ ರಾಯ್ ಬೆಟ್ಟಗಳಲ್ಲಿ ವರ್ಷಗಟ್ಟಲೆ ಕಾದಾಡಿದರು. 1981ರಲ್ಲಿ ಪೆಚ್ಚಬೂನ್ ಪ್ರಾಂತ್ಯದ ಬೆಟ್ಟದಲ್ಲಿ ನಡೆದದ್ದು ಅವರ ಕೊನೆಯ ದೊಡ್ಡ ಯುದ್ಧ. ಅದನ್ನು ನೋಡಲು ದುವಾನ್ ಇರಲಿಲ್ಲ, 1980ರಲ್ಲೇ ತೀರಿಕೊಂಡಿದ್ದ. ಬದುಕುಳಿದವರಲ್ಲಿ ಅನೇಕರಿಗೆ ಮತ್ತು ಅವರ ಕುಟುಂಬಗಳಿಗೆ ಥಾಯ್ ಪೌರತ್ವ ಸಿಕ್ಕಿತು. ಅಫೀಮಿನ ಜಾಗಕ್ಕೆ ತೈವಾನಿನಿಂದ ಚಹಾ ಗಿಡ ಬಂತು. ಊರು 'ಶಾಂತಿಗಿರಿ' ಆಯ್ತು. ಇವತ್ತು ಡಿಸೆಂಬರ್ ಕೊನೆಯಿಂದ ಚೆರ್ರಿ ಹೂ ನೋಡಲು ಬ್ಯಾಂಕಾಕ್‌ನಿಂದ ಜನ ಬರುತ್ತಾರೆ. ದುವಾನ್ ಸಮಾಧಿ, ಸತ್ತ ಸೈನಿಕರ ಸ್ಮಾರಕ ಎರಡೂ ಪ್ರವಾಸಿಗರ ಪಟ್ಟಿಯಲ್ಲಿವೆ.

ಇದೇ ಜಿಲ್ಲೆಯ ಇನ್ನೊಂದು ಕಣಿವೆಯಲ್ಲಿ ಥೋತ್ ಥಾಯ್ ಇದೆ. ಹಳೇ ಹೆಸರು ಹಿನ್ ತೇಕ್, ಅಂದರೆ ಒಡೆದ ಕಲ್ಲು. ಇದು ಒಂದು ಕಾಲಕ್ಕೆ ಖುನ್ ಸಾ ಎಂಬಾತನ ಕೋಟೆ. ಹುಟ್ಟಿದ್ದು 1934ರಲ್ಲಿ, ಬರ್ಮಾದ ಶಾನ್ ಸೀಮೆಯಲ್ಲಿ. ಅರ್ಧ ಚೀನೀ, ಅರ್ಧ ಶಾನ್. 1967ರಲ್ಲಿ ಸುಮಾರು 16 ಟನ್ ಅಫೀಮು ಹೇರಿಸಿಕೊಂಡು ಮೆಕಾಂಗ್ ನದಿಯ ಕಡೆ ಹೊರಟಿದ್ದ. ಚೀನೀ ಪಡೆಗಳು ಅಡ್ಡಗಟ್ಟಿದವು. ಇಬ್ಬರೂ ಹೊಡೆದಾಡುತ್ತಿರುವಾಗ ಲಾವೋಸ್‌ನ ಜನರಲ್ ಒಬ್ಬ ಇಬ್ಬರ ಮೇಲೂ ಬಾಂಬ್ ಹಾಕಿಸಿ ಮಾಲು ಹೊತ್ತುಕೊಂಡು ಹೋದ! 1969ರಲ್ಲಿ ಬರ್ಮಾ ಸರ್ಕಾರ ಖುನ್ ಸಾನನ್ನು ಜೈಲಿಗೆ ಹಾಕಿತು. ಅವನ ಕಡೆಯವರು ಇಬ್ಬರು ಸೋವಿಯತ್ ಡಾಕ್ಟರುಗಳನ್ನು ಅಪಹರಿಸಿ ಅವನನ್ನು ಬಿಡಿಸಿಕೊಂಡರು. ಆಮೇಲೆ ಬಂದು ಕೂತದ್ದು ಹಿನ್ ತೇಕ್‌ನಲ್ಲಿ. 1982ರ ಜನವರಿಯಲ್ಲಿ ಥಾಯ್ ಸೈನ್ಯ ನುಗ್ಗಿ ಅವನನ್ನು ಗಡಿಯಾಚೆಗೆ ಓಡಿಸಿತು. ಊರಿಗೆ 'ಥಾಯ್ ನಾಡನ್ನು ಎತ್ತಿಹಿಡಿ' ಎಂಬರ್ಥದ ಹೊಸ ಹೆಸರು ಬಂತು. ಅವನ ಹಳೇ ಶಿಬಿರ ಈಗ ಮ್ಯೂಸಿಯಂ. ಖುನ್ ಸಾ 2007ರಲ್ಲಿ ಯಾಂಗೋನ್‌ನಲ್ಲಿ ಸತ್ತ.

ಮೂರನೆಯದು ಜಿಲ್ಲೆಯದೇ ಹೆಸರು. ಮೇ ಅಂದರೆ ತಾಯಿ, ಫಾ ಅಂದರೆ ಆಕಾಶ, ಲುವಾಂಗ್ ಅಂದರೆ ಅರಸು ಮನೆತನದ. ಇಬ್ಬರು ಥಾಯ್ ರಾಜರ ತಾಯಿ ಶ್ರೀನಗರೀಂದ್ರ ಹೆಲಿಕಾಪ್ಟರಿನಲ್ಲಿ ಈ ಬೆಟ್ಟಗಳಿಗೆ ಇಳಿಯುತ್ತಿದ್ದರು. ಆಕಾಶದಿಂದ ಬರುವ ರಾಜಮಾತೆ ಅಂತ ಬೆಟ್ಟದ ಜನ ಕರೆದರು. ಓದಿನಿಂದ ಆಕೆ ನರ್ಸ್. 1987ರಲ್ಲಿ ದೋಯ್ ತುಂಗ್ ಬೆಟ್ಟಕ್ಕೆ ಬಂದಾಗ ಕಂಡದ್ದು ಬೋಳು ಗುಡ್ಡ, ಅಫೀಮು ಬೆಳೆ, ಬಡತನ. 1988ರಲ್ಲಿ, ಆಕೆಗೆ 87 ವರ್ಷವಾಗಿದ್ದಾಗ, ದೋಯ್ ತುಂಗ್ ಅಭಿವೃದ್ಧಿ ಯೋಜನೆ ಶುರುವಾಯ್ತು. ಸುಮಾರು 150 ಚದರ ಕಿ.ಮೀ. ಪ್ರದೇಶ, 29 ಹಳ್ಳಿ. ಊರವರಿಗೇ ಕೂಲಿ ಕೊಟ್ಟು ಕಾಡು ನೆಡಿಸಿದರು, ಕಾಫಿ, ಮಕಡಾಮಿಯಾ ಬೆಳೆಸಿದರು, ನೇಯ್ಗೆ ಶುರುಮಾಡಿದರು. ಗಿಡ ಕಡಿಯುವುದಕ್ಕಿಂತ ನೆಟ್ಟರೇ ಹೊಟ್ಟೆ ತುಂಬುತ್ತದೆ ಅಂತಾದಾಗ ಅಫೀಮು ತಾನಾಗೇ ಹಿಂದೆ ಸರಿಯಿತು. ಸ್ವಿಸ್ ಮನೆ ಮತ್ತು ಲಾನ್ನಾ ಶೈಲಿ ಬೆರೆಸಿ ಕಟ್ಟಿದ ಆಕೆಯ ಮನೆ, ಅದರ ಕೆಳಗಿನ ಹೂದೋಟ ಈಗ ಜಿಲ್ಲೆಯ ದೊಡ್ಡ ಆಕರ್ಷಣೆ. ತೋಟದ ನಡುವೆ ಮಕ್ಕಳು ಒಬ್ಬರ ಮೇಲೊಬ್ಬರು ಹತ್ತಿ ನಿಂತ ಶಿಲ್ಪವೊಂದಿದೆ. ರಾಜಮಾತೆ ಅದಕ್ಕಿಟ್ಟ ಹೆಸರಿನ ಅರ್ಥ, ನಿರಂತರತೆ.

ಇಲ್ಲಿವರೆಗೆ ಕಥೆ ಸುಖಾಂತ್ಯ. ಸೈನಿಕ ಚಹಾ ಬೆಳೆದ, ಡ್ರಗ್ ದೊರೆ ಓಡಿದ, ಬೋಳು ಗುಡ್ಡ ಹಸಿರಾಯ್ತು. ಆದರೆ ಈ ಮೂರೂ ಕಥೆಗಳಲ್ಲಿ ಅಫೀಮು ಬೆಳೆದವರು, ಹೊತ್ತವರು, ಸೇದಿ ಹಾಳಾದವರು ಯಾರು? ಬಹುಪಾಲು ಆಖಾ, ಲಾಹು ಮುಂತಾದ ಬೆಟ್ಟದ ಜನ.

ಆಖಾ ಜನರ ಉಯ್ಯಾಲೆ ಹಬ್ಬ ಪ್ರವಾಸಿ ಕ್ಯಾಲೆಂಡರಿನಲ್ಲಿದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ, ಬೆಟ್ಟದ ಭತ್ತ ಇನ್ನೂ ಮಾಗುತ್ತಿರುವಾಗ, ನಾಲ್ಕು ಉದ್ದದ ಕಂಬ ನೆಟ್ಟು ತುದಿ ಕಟ್ಟಿ ಉಯ್ಯಾಲೆ ಹಾಕುತ್ತಾರೆ. ಬೆಳ್ಳಿ ನಾಣ್ಯದ ಟೋಪಿ ಹಾಕಿಕೊಂಡ ಹೆಂಗಸರ ಹಬ್ಬ ಅದು. ಲಿಪಿಯಿಲ್ಲದೆ ಬಾಳಿದ ಈ ಜನ ಐವತ್ತಕ್ಕೂ ಹೆಚ್ಚು ತಲೆಮಾರಿನ ಹಿರಿಯರ ಹೆಸರನ್ನು ಬಾಯಲ್ಲೇ ಹೇಳುತ್ತಾರೆ. ನನಗೆ ಮುತ್ತಜ್ಜನ ಅಪ್ಪನ ಹೆಸರು ಗೊತ್ತಿಲ್ಲ. ನಿಮಗೆ?

ಅಷ್ಟು ಹೆಸರು ನೆನಪಿಟ್ಟವರ ಹೆಸರು ಸರ್ಕಾರದ ರಿಜಿಸ್ಟರಿನಲ್ಲಿ ಬಹಳ ಕಾಲ ಇರಲಿಲ್ಲ. 1972ರ ಡಿಸೆಂಬರಿನಲ್ಲಿ ಸೈನಿಕ ಸರ್ಕಾರ 337ನೇ ಸಂಖ್ಯೆಯ ಆದೇಶ ಹೊರಡಿಸಿತು: ಅಕ್ರಮವಾಗಿ ಅಥವಾ ತಾತ್ಕಾಲಿಕವಾಗಿ ಬಂದವರ ಮಕ್ಕಳು ಥಾಯ್ ನೆಲದಲ್ಲೇ ಹುಟ್ಟಿದ್ದರೂ ಅವರ ಪೌರತ್ವ ರದ್ದು. ವರ್ಷ ಗಮನಿಸಿ. ಅದೇ ವರ್ಷಗಳಲ್ಲೇ ದುವಾನ್‌ನ ಪಡೆ ಪೌರತ್ವದ ಆಸೆಯಲ್ಲಿ ಬಂದೂಕು ಹಿಡಿದು ಬೆಟ್ಟ ಹತ್ತುತ್ತಿತ್ತು. ಹೊರಗಿನಿಂದ ಬಂದ ಸೈನ್ಯಕ್ಕೆ ಮಾತಾಡಲು ಜನರಲ್ ಇದ್ದ. ಗುಡ್ಡದಲ್ಲಿ ಹುಟ್ಟಿದ ಆಖಾ ಮಗುವಿಗೆ ಯಾರಿದ್ದರು? ಪೌರತ್ವ ಇಲ್ಲದಿದ್ದರೆ ಮತ ಇಲ್ಲ, ಜಮೀನು ಹೆಸರಿಗಾಗಲ್ಲ, ಊರು ದಾಟಲೂ ಅನುಮತಿ ಬೇಕು. 337ರಿಂದ ಕೆಟ್ಟವರಿಗೆ ದಾರಿ ಮಾಡಿಕೊಟ್ಟ ಕಾಯ್ದೆ ತಿದ್ದುಪಡಿ ಬಂದದ್ದು 2008ರಲ್ಲಿ, ಮೂವತ್ತಾರು ವರ್ಷದ ಮೇಲೆ.

2018ರಲ್ಲಿ ಗುಹೆಯೊಳಗೆ ಸಿಕ್ಕಿಕೊಂಡ ಫುಟ್‌ಬಾಲ್ ಹುಡುಗರು ನೆನಪಿದ್ದಾರಾ? ನಾವೆಲ್ಲ ಮೀಟಿಂಗ್ ಮಧ್ಯೆ ಫೋನ್ ನೋಡ್ತಾ ಕೂತಿದ್ವಿ. ಆ ಥಾಮ್ ಲುವಾಂಗ್ ಗುಹೆ ಪಕ್ಕದ ಮೇ ಸಾಯ್ ಜಿಲ್ಲೆಯಲ್ಲಿದೆ, ಇದೇ ಬೆಟ್ಟಸಾಲಿನಲ್ಲಿ. ಹನ್ನೆರಡು ಹುಡುಗರಲ್ಲಿ ಮೂವರಿಗೆ ಮತ್ತು ಕೋಚ್‌ಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಜಗತ್ತೆಲ್ಲ ನೋಡಿದ ಮೇಲೆ, ಆ ಆಗಸ್ಟಿನಲ್ಲಿ, ನಾಲ್ವರಿಗೂ ಗುರುತಿನ ಚೀಟಿ ಬಂತು. ಗುಹೆಗೆ ಹೋಗದ ಅಕ್ಕಪಕ್ಕದ ಮನೆಯ ಹುಡುಗರು ಕಾಯುತ್ತಲೇ ಉಳಿದರು. 2024ರ ಅಕ್ಟೋಬರಿನಲ್ಲಿ ಥಾಯ್ ಸಂಪುಟ ಬಹುಕಾಲದಿಂದ ಅಲ್ಲೇ ಇರುವ ಸುಮಾರು 4.8 ಲಕ್ಷ ಜನರಿಗೆ ಪೌರತ್ವ, ಕಾಯಂ ವಾಸದ ಹಕ್ಕು ಬೇಗ ಕೊಡುವ ಯೋಜನೆಗೆ ಒಪ್ಪಿತು. ಇಷ್ಟು ಜನ ಇನ್ನೂ ಸಾಲಿನಲ್ಲಿ ನಿಂತಿದ್ದರು ಅಂತ ಅದರರ್ಥ.

ಮೇ ಫಾ ಲುವಾಂಗ್‌ಗೆ ಹೋಗಬೇಡಿ ಅಂತಿಲ್ಲ, ಖಂಡಿತ ಹೋಗಿ. ಕಾಫಿ ಕುಡಿಯಿರಿ, ಅದರ ಹಿಂದೆ ನಿಜವಾದ ದುಡಿಮೆ ಇದೆ. ಚೆರ್ರಿ ಹೂವಿನ ಫೋಟೋನೂ ಹಾಕಿ. ಆದರೆ ಹೂವಿನ ಕಾಲದಲ್ಲೇ ಹೋಗಬೇಕಂತಿಲ್ಲ. ಮಳೆ ಕೆಸರಿದ್ದರೂ ಪರವಾಗಿಲ್ಲ, ಒಮ್ಮೆ ಆಗಸ್ಟ್ ಕೊನೆಗೆ ಹೋಗಿ ನೋಡಿ. ಆ ಬೆಟ್ಟದಲ್ಲಿ ಯಾರೂ ಬಂದು ಹೆಸರು ಬದಲಾಯಿಸದೆ ಉಳಿದ ಹಬ್ಬ ಅದೊಂದು.