ಕಣ್ಣಿಲ್ಲದ ಗುಹಾಜೇಡ: ಅಂಗರಚನೆ, ಹರವು ಮತ್ತು ಕರ್ನಾಟಕದ ಕಲ್ಲು

ಬೆಂಗಳೂರಿನ ಬಿಟಿಎಂ ಲೇಔಟ್‌ನ ಹಳೆಯ ಮನೆಗಳ ಬಚ್ಚಲಲ್ಲಿ ರಾತ್ರಿ ದೀಪ ಹಾಕಿದರೆ ಗೋಡೆಗೆ ಅಪ್ಪಿಕೊಂಡು ಕೂತಿರುವ ಅಂಗೈಯಗಲದ ಕಂದು ಜೇಡ ಹೆಟೆರೊಪೋಡಾ ವೆನಟೋರಿಯಾ. ಬಲೆ ಹೆಣೆಯದೆ ಜಿರಲೆ ಬೇಟೆಯಾಡುವ ಇದಕ್ಕೆ ಎಂಟು ಕಣ್ಣು. ಇದರದೇ ಸ್ಪರಾಸಿಡೇ ಕುಟುಂಬಕ್ಕೆ ಸೇರಿದ ಲಾವೋಸಿನ ಗುಹಾಜೇಡ ಸೈನೊಪೋಡಾ ಸ್ಕೂರಿಯಾನ್‌ಗೆ ಒಂದೂ ಇಲ್ಲ. 2012ರಲ್ಲಿ ಜೇಡತಜ್ಞ ಪೀಟರ್ ಯೇಗರ್ ವಿವರಿಸಿದ ಈ ಪ್ರಭೇದ, ಸಾವಿರಕ್ಕೂ ಮಿಕ್ಕಿದ ಆ ಕುಟುಂಬದಲ್ಲಿ ಕಣ್ಣು ಪೂರ್ತಿ ಅಳಿದದ್ದೆಂದು ಗೊತ್ತಾದ ಮೊದಲನೆಯದು.

ಇಂಥ ಜೇಡಗಳ ಅಧ್ಯಯನ ಶುರುವಾದದ್ದು ಯುರೋಪಿನಲ್ಲಿ. ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಶ್ಯೋಡ್ಟೆ ಇಂದಿನ ಸ್ಲೊವೇನಿಯಾದ ಪೊಸ್ಟೊಯ್ನಾ ಗುಹೆಯ ಜೇಡವೊಂದಕ್ಕೆ 1847ರಲ್ಲಿ ಸ್ಟಲಿಟಾ ಟೆನೇರಿಯಾ ಎಂದು ಹೆಸರಿಟ್ಟರು. ಅದರ ಕುಟುಂಬವಾದ ಡಿಸ್ಡೆರಿಡೇಯಲ್ಲಿ ಸಾಮಾನ್ಯವಾಗಿ ಆರು ಕಣ್ಣು. ಸ್ಟಲಿಟಾದಲ್ಲಿ ಆ ಜಾಗ ಬರಿದು. 1859ರಲ್ಲಿ ಡಾರ್ವಿನ್ ಶ್ಯೋಡ್ಟೆಯವರ ಬರಹವನ್ನು ತಮ್ಮ ಗ್ರಂಥದಲ್ಲಿ ಉದ್ಧರಿಸಿ, ಗುಹಾಪ್ರಾಣಿಗಳ ಕಣ್ಣು ಹೋದದ್ದು ಬಳಕೆ ತಪ್ಪಿದ್ದರಿಂದಲೇ ಎಂದರು. ನಿಸರ್ಗದ ಆಯ್ಕೆಯನ್ನು ಜಗತ್ತಿಗೆ ಸಾರಿದ ಪುಸ್ತಕದಲ್ಲೇ ಅದನ್ನು ಇಲ್ಲಿ ಬದಿಗಿಟ್ಟದ್ದು ನನಗಂತೂ ಸೋಜಿಗ.

ಕಣ್ಣಿಲ್ಲ ಎಂಬುದು ಸುದ್ದಿಯಾಗುತ್ತದೆ ನಿಜ, ಆದರೆ ಪ್ರಭೇದವನ್ನು ಗುರುತಿಸಲು ಅದು ಸಾಲದು. ಸಂಬಂಧವೇ ಇಲ್ಲದ ಹಲವು ಕುಟುಂಬಗಳಲ್ಲಿ ಕಣ್ಣು ಬೇರೆಬೇರೆಯಾಗಿಯೇ ಅಳಿದಿದೆ. ಮಾಸಲು ಮೈ, ನೀಳ ಕಾಲುಗಳೂ ಹಾಗೆಯೇ ಮತ್ತೆ ಮತ್ತೆ ಮೂಡಿವೆ. ಆದ್ದರಿಂದ ಜೇಡತಜ್ಞರು ಸೂಕ್ಷ್ಮದರ್ಶಕದಡಿ ನೋಡುವುದು ಗಂಡಿನ ಬಾಯಿಯ ಪಕ್ಕದ ಸ್ಪರ್ಶಾಂಗದ ತುದಿಯಲ್ಲಿರುವ ವೀರ್ಯವಾಹಕ ಭಾಗವನ್ನು ಮತ್ತು ಹೆಣ್ಣಿನ ಜನನಾಂಗವನ್ನು. ಕಣ್ಣು ಹೇಳುವುದು ಬೇರೆಯದೇ ಕಥೆ, ಹಂತಹಂತವಾಗಿ ಅಳಿದ ಕಥೆ. ಸೈನೊಪೋಡಾ ಕುಲದ ಗುಹಾವಾಸಿಗಳಲ್ಲಿ ಎಂಟು, ಆರು, ನಾಲ್ಕು, ಎರಡು ಎಂದು ಇಳಿಯುತ್ತ ಹೋಗುವ ಕಣ್ಣುಗಳಿವೆ. ಸ್ಕೂರಿಯಾನ್ ಆ ಸಾಲಿನ ಕೊನೆಯದು.

ಹರವಿನ ಪ್ರಶ್ನೆ ಇನ್ನೂ ತೊಡಕಿನದು. ದೊಡ್ಡ ಕಣ್ಣುಗಳಿಗೇ ಹೆಸರಾದ ತೋಳಜೇಡಗಳ ಕುಟುಂಬದ ಅಡೆಲೊಕೋಸಾ ಅನಾಪ್ಸ್‌ಗೆ ಕಣ್ಣೇ ಇಲ್ಲ. ಜೇಡತಜ್ಞ ಗರ್ಟ್ಷ್ 1973ರಲ್ಲಿ ವಿವರಿಸಿದ ಇದು ಸಿಗುವುದು ಹವಾಯಿಯ ಕವಾಯಿ ದ್ವೀಪದ ಕೊಲೋವಾ ಪ್ರದೇಶದಲ್ಲಿ ಮಾತ್ರ, ಅಲ್ಲೂ ಕೆಲವೇ ಲಾವಾ ಗುಹೆಗಳಲ್ಲಿ. ಅಂದರೆ ಇಂಥ ಜೇಡಕ್ಕೆ, ಗುಹೆಗಳಿಗೆ ಹೆಸರಾದ ಸುಣ್ಣಕಲ್ಲೇ ಬೇಕೆಂದಿಲ್ಲ. ಅದನ್ನು ಕಂಡವರಾದ ಫ್ರಾನ್ಸಿಸ್ ಹೋವಾರ್ತ್ ಮುಂದೆ ವಾದಿಸಿದ್ದು ಇದು: ಇಂಥ ಪ್ರಾಣಿಗಳ ಅಸಲು ನೆಲೆ ಮನುಷ್ಯ ನುಗ್ಗುವ ಗುಹೆಯಲ್ಲ, ಸುತ್ತಲಿನ ಬಂಡೆಯ ತೇವದ ಬಿರುಕುಗಳು. ನಾವು ಬಿಡಿಸುವ ನಕ್ಷೆ ಎಷ್ಟೋ ಸಲ ಜೇಡದ ಹರವನ್ನಲ್ಲ, ನಮ್ಮ ಮೈ ತೂರಿದ ಜಾಗಗಳನ್ನು ತೋರಿಸುತ್ತದೆ.

ಭಾರತದಲ್ಲಿ ಪ್ರಾಣಿಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಕೆಂಪ್ ಮತ್ತು ಚೋಪ್ರಾ 1922ರಲ್ಲಿ ಗಾರೋ ಬೆಟ್ಟಗಳ ಸಿಜು ಗುಹೆಯನ್ನು ಶೋಧಿಸಿದರು; ಅಲ್ಲಿನ ಜೇಡಗಳ ಬಗ್ಗೆ 1924ರಲ್ಲಿ ಬರೆದವರು ಫ್ರಾನ್ಸಿನ ಲೂಯಿ ಫಾಜ್. ಕರ್ನಾಟಕದಲ್ಲಿ ಕಣ್ಣಿಲ್ಲದ ಜೇಡವನ್ನು ಎಲ್ಲಿ ಹುಡುಕಬೇಕು? ಬಿಟಿಎಂಗೆ ಹತ್ತಿರದ ಹುಳಿಮಾವಿನ ರಾಮಲಿಂಗೇಶ್ವರ ಗುಹಾಲಯದಲ್ಲೋ ಗವಿಪುರದ ಗಂಗಾಧರೇಶ್ವರನಲ್ಲೋ ಹುಡುಕಿ ಫಲವಿಲ್ಲ ಎಂಬುದು ನನ್ನ ಎಣಿಕೆ. ಬೆಂಗಳೂರಿನ ನೈಸ್ ಶಿಲೆ ನೀರಿಗೆ ಕರಗಿ ಉದ್ದುದ್ದ ಸುರಂಗವಾಗುವ ಜಾತಿಯದಲ್ಲ. ಗವಿಗಳು ಗಿಡ್ಡ, ಮೇಲಾಗಿ ದೀಪ, ಧೂಪ, ಜನ. ಗವಿಪುರಕ್ಕೆ ಸಂಕ್ರಾಂತಿಯ ಬಿಸಿಲೇ ಒಳಹೊಗುತ್ತದೆ.

ಭರವಸೆಯಿರುವುದು ಕರಾವಳಿಯ ಮುರಕಲ್ಲಿನಲ್ಲಿ, ಅಂದರೆ ಲ್ಯಾಟರೈಟಿನಲ್ಲಿ. ಕೇರಳದ ಕೊಟ್ಟಾಯಂನ ಮುರಕಲ್ಲಿನ ಬಾವಿಗಳಿಂದ ಬಂದ ಕುರುಡು ಮೀನು ಹೊರಾಗ್ಲಾನಿಸ್ ಕೃಷ್ಣಾಯಿಯನ್ನು ಮೆನನ್ 1950ರಲ್ಲಿ ವಿವರಿಸಿದರು. ಅಂಥ ಕಲ್ಲಿನ ಒಡಲಲ್ಲಿ ಬೆಳಕು ಕಾಣದ ಬದುಕಿದೆ ಎಂಬುದಕ್ಕೆ ಅದೇ ಸಾಕ್ಷಿ. ದಕ್ಷಿಣ ಕನ್ನಡದಲ್ಲಿ ನೆಲ್ಲಿತೀರ್ಥದ ಗುಹೆಯಿದೆ. ಅದಕ್ಕಿಂತ ಮಿಗಿಲಾಗಿ, ಗಡಿಯಾಚೆಯ ಕಾಸರಗೋಡಿನ ಬಾಯಾರು, ಎಣ್ಮಕಜೆ ಮತ್ತು ಈಚೆಯ ಬಂಟ್ವಾಳದ ಮಾಣಿಲದ ರೈತರು ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಡ್ಡ ಕೊರೆದ ಸುರಂಗಗಳಿವೆ. ಹೋವಾರ್ತ್ ಹೇಳಿದ ಬಿರುಕುಗಳನ್ನು ಇವು ಸೀಳಿಕೊಂಡೇ ಹೋಗುತ್ತವೆ. ಇಲ್ಲಿ ಒಂದು ಮಳೆಗಾಲ ಪೂರ್ತಿ ಸುರಂಗದ ತುದಿಯಲ್ಲಿ ನೆಲಮಟ್ಟಕ್ಕೆ ಬಟ್ಟಲು ಹೂತಿಟ್ಟು, ಬಿದ್ದದ್ದನ್ನೆಲ್ಲ ಮದ್ಯಸಾರದಲ್ಲಿ ಕಾಪಿಟ್ಟು, ಗಂಡು ಹೆಣ್ಣು ಎರಡನ್ನೂ ಪರೀಕ್ಷಿಸಬೇಕು. ಒಳಗೆ ಏನೇನು ಕಂಡಿದ್ದೀರೆಂದು ಸುರಂಗ ತೋಡಿದವರನ್ನು ಅದಕ್ಕೂ ಮೊದಲೇ ಕೇಳಬೇಕು.