ಕಪಿಲಾ ನದಿ

ಕಬಿನಿ ಎಂದೂ ಕರೆಯುವ ಕಪಿಲಾ, ಕಾವೇರಿಯ ಉಪನದಿ. ಕೇರಳದ ವಯನಾಡಿನಲ್ಲಿ ಬಾಣಾಸುರ ಮೊದಲಾದ ಬೆಟ್ಟಗಳ ನೀರು ಹೊತ್ತ ಮಾನಂದವಾಡಿ, ಪನಮರಂ ಹೊಳೆಗಳು ಕೂಡಿ ಈ ನದಿಯಾಗುತ್ತವೆ. ಗಡಿ ದಾಟಿ, ನುಗು ಮತ್ತು ಗುಂಡ್ಲು ಹೊಳೆಗಳನ್ನು ಸೇರಿಸಿಕೊಂಡು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ ದೇಗುಲ, ನರಸೀಪುರದ ಸಂಗಮ, ಅಲ್ಲಿ 1989ರಿಂದ ನಡೆದುಬಂದ ಕುಂಭಮೇಳ ಎಲ್ಲರಿಗೂ ಗೊತ್ತಿರುವಂಥವು.

ನದಿಯ ಆದಿ ಇತಿಹಾಸ ಅಷ್ಟು ಸ್ಪಷ್ಟವಿಲ್ಲ. ಕ್ರಿ.ಶ. 2ನೇ ಶತಮಾನದ ಭೂಗೋಳಜ್ಞ ಟಾಲೆಮಿ ಬೆರಿಲ್ ಹರಳು ಸಿಗುವ ‘ಪೌನ್ನಾಟ’ವನ್ನು ಹೆಸರಿಸುತ್ತಾನೆ. ಅದು ಪುನ್ನಾಟ ರಾಜ್ಯವೆಂದೂ, ಶಾಸನಗಳಲ್ಲಿ ಬರುವ ಅದರ ರಾಜಧಾನಿ ಕಿತ್ತಿಪುರ ಕಪಿಲಾ ದಡದ ಕಿತ್ತೂರೆಂದೂ ಶಾಸನತಜ್ಞ ಬಿ.ಎಲ್. ರೈಸ್ ಕಾಲದಿಂದ ಹೇಳಿಕೊಂಡು ಬಂದಿದೆ. ಆದರೆ ಬೆರಿಲ್ ಗಣಿಗೆ ಹೆಸರಾದದ್ದು ಕೊಯಮತ್ತೂರು ಕಡೆಯ ಪಡಿಯೂರು. ಹಾಗಾಗಿ ಟಾಲೆಮಿಯ ಊರು ಇದೇ ಎನ್ನಲು ಹರಳಿನ ಸಾಕ್ಷ್ಯವೊಂದೇ ಸಾಲದು. 1974ರಲ್ಲಿ ಮುಗಿದ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಕಿತ್ತೂರು ಮುಳುಗಿತು. ಅಗೆದು ನೋಡುವ ದಾರಿಯೂ ಬಹುಮಟ್ಟಿಗೆ ಮುಚ್ಚಿತು.

ಇನ್ನೊಂದು ಗೊಂದಲ ನಂಜನಗೂಡಿನ ಹಳೆ ಸೇತುವೆಯದು. ದೇಶದ ಅತಿ ಹಳೆಯ ರೈಲು ಸೇತುವೆ ಎಂದು ಇದನ್ನು ಬಣ್ಣಿಸುವುದುಂಟು. ಆದರೆ ದೇಶದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದೇ 1853ರಲ್ಲಿ! ಸೇತುವೆಯನ್ನು ಸುಮಾರು 1735ರಲ್ಲಿ ಕಟ್ಟಿಸಿದವನು ದಳವಾಯಿ ದೇವರಾಜಯ್ಯ. ಇದೇ ತಾಲ್ಲೂಕಿನ ಕಳಲೆಯ ಮನೆತನದವನು; ಮೈಸೂರು ಅರಸರ ಆಡಳಿತ ಆಗ ಹೆಚ್ಚುಕಡಿಮೆ ಈ ಮನೆತನದ ಕೈಯಲ್ಲಿತ್ತು. ಜನ, ಗಾಡಿ, ದನಕರು ದಾಟಲೆಂದು ಕಟ್ಟಿದ ಕಲ್ಲಿನ ಸೇತುವೆ ಅದು. ಮೈಸೂರಿನಿಂದ ರೈಲು ಬಂದದ್ದು ಒಂದೂವರೆ ಶತಮಾನದ ಮೇಲೆ, 1891ರಲ್ಲಿ. ಆಮೇಲೆ ಮೀಟರ್ ಗೇಜ್ ಹಳಿಯೂ ರಸ್ತೆಯೂ ಅದೇ ಸೇತುವೆಯ ಮೇಲೆ ಅಕ್ಕಪಕ್ಕದಲ್ಲಿದ್ದವು. ಕಟ್ಟಡದ ವಯಸ್ಸನ್ನು ರೈಲಿಗೂ ಸೇರಿಸಿ ಎಣಿಸಿದ್ದೇ ಗೊಂದಲದ ಮೂಲ. ಬ್ರಾಡ್ ಗೇಜ್‌ಗೆ ಬೇರೆ ಸೇತುವೆ ಬಂತು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಲಬಾರಿನೊಂದಿಗೆ ವಯನಾಡು ಕೇರಳಕ್ಕೆ ಸೇರಿತು. ನೀರು ಹುಟ್ಟುವ ಊರು ಒಂದು ರಾಜ್ಯ, ನಿಲ್ಲುವ ಜಲಾಶಯ ಇನ್ನೊಂದು. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಕೇರಳಕ್ಕೆ ಕೊಟ್ಟ 30 ಟಿಎಂಸಿ ಅಡಿಯಲ್ಲಿ 21 ಕಪಿಲಾ ಕಣಿವೆಯದೇ. ಜಲಾಶಯದ ಸಾಮರ್ಥ್ಯ 19.52 ಟಿಎಂಸಿ ಅಡಿ ಮಾತ್ರ. ವಯನಾಡಿನಲ್ಲಿ ಮಳೆ ಬಿಡದೆ ಹೊಡೆದರೆ ಗೇಟು ತೆರೆಯಲೇಬೇಕು. 2018, 2019ರ ಆಗಸ್ಟ್‌ನಲ್ಲಿ ಹೀಗಾಗಿ ಮಲ್ಲನಮೂಲೆ ಮಠದ ಬಳಿ ನೀರು ನುಗ್ಗಿ ಮೈಸೂರು–ನಂಜನಗೂಡು ಹೆದ್ದಾರಿ ಬಂದ್ ಆಗಿತ್ತು.

2024ರ ಜುಲೈ 30ರ ವಯನಾಡು ಭೂಕುಸಿತವನ್ನು ಕಪಿಲೆಗೆ ತಳುಕು ಹಾಕುವುದು ಸರಿಯಲ್ಲ. ಮುಂಡಕ್ಕೈ, ಚೂರಲ್‌ಮಲದ ಮಣ್ಣು, ಬಂಡೆ ಕೊಚ್ಚಿಹೋದದ್ದು ಪಶ್ಚಿಮಕ್ಕೆ ಹರಿಯುವ ಚಾಲಿಯಾರ್‌ಗೆ.