ಸೆರೆಮನೆಯಿಂದ ಆಸ್ಪತ್ರೆಗೆ ಎಷ್ಟು ದೂರ?

ಅಮೆರಿಕದಲ್ಲಿ ವೈದ್ಯಕೀಯ ನೆರವು ಪಡೆಯುವ ಸಾಂವಿಧಾನಿಕ ಹಕ್ಕು ಸಾಮಾನ್ಯ ನಾಗರಿಕನಿಗಿಲ್ಲ, ಕೈದಿಗಿದೆ! ಕೈದಿಯ ಗಂಭೀರ ಕಾಯಿಲೆಯನ್ನು ಬೇಕೆಂದೇ ಕಡೆಗಣಿಸುವುದು ಕ್ರೂರ ಶಿಕ್ಷೆಗೆ ಸಮ ಎಂದು ಅಲ್ಲಿನ ಸುಪ್ರೀಂ ಕೋರ್ಟು 1976ರಲ್ಲಿ, ಎಸ್ಟೆಲ್ ವಿರುದ್ಧ ಗ್ಯಾಂಬಲ್ ಮೊಕದ್ದಮೆಯಲ್ಲಿ ಸಾರಿತು. ಸೋಜಿಗವೆಂದರೆ, ಬಿಡುಗಡೆಯಾದವನು ಈ ಹಕ್ಕನ್ನು ಸೆರೆಮನೆಯ ಬಾಗಿಲಲ್ಲೇ ಬಿಟ್ಟು ಬರಬೇಕು.

ಹೊರಗೆ ಕಾದಿರುವುದೇನು? ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಸಾವಿನ ಸಂಭವ ಇತರ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚೆಂದು ಅದು ಹೇಳಿತು. ಮಾದಕ ವಸ್ತುಗಳ ಅತಿಸೇವನೆಯೇ ದೊಡ್ಡ ಕಾರಣ. ಹೃದ್ರೋಗ, ಕೊಲೆ, ಆತ್ಮಹತ್ಯೆಗಳೂ ಇದ್ದವು.

ಇದಕ್ಕೂ ಒಂದು ವರ್ಷ ಮೊದಲೇ ಸ್ಯಾನ್ ಫ್ರಾನ್ಸಿಸ್ಕೊದ ಬೇವ್ಯೂ ಬಡಾವಣೆಯಲ್ಲಿ ಎಮಿಲಿ ವಾಂಗ್ ಮತ್ತು ಕ್ಲೆಮೆನ್ಸ್ ಹಾಂಗ್ ಎಂಬ ವೈದ್ಯರು 'ಟ್ರಾನ್ಸಿಷನ್ಸ್ ಕ್ಲಿನಿಕ್' ಆರಂಭಿಸಿದ್ದರು. ಇಲ್ಲಿನ ವಿಶೇಷ ಔಷಧಿಯಲ್ಲ, ಸಮುದಾಯ ಆರೋಗ್ಯ ಕಾರ್ಯಕರ್ತರು. ಅವರೂ ಒಮ್ಮೆ ಜೈಲುವಾಸ ಕಂಡವರೇ. ಬೇರೆಡೆ ನೌಕರಿಗೆ ಅಡ್ಡಿಯಾಗುವ ಹಳೆಯ ದಾಖಲೆ ಇಲ್ಲಿ ಅರ್ಹತೆ! ಬಿಳಿಕೋಟನ್ನೂ ಖಾಕಿಯಂತೆಯೇ ಶಂಕಿಸುವವನ ಮನವೊಲಿಸಲು ಬೇರಾರಿಗೆ ಸಾಧ್ಯ? ವಿಮೆಯ ಅರ್ಜಿ ತುಂಬುವುದು, ಮಾತ್ರೆ ಕೊಡಿಸುವುದು, ಬರಬೇಕಾದ ದಿನ ಬಾರದವನನ್ನು ಹುಡುಕಿಕೊಂಡು ಹೋಗುವುದು ಎಲ್ಲ ಇವರ ಪಾಲಿಗೆ.

ಹೊಸದಾಗಿ ಬಿಡುಗಡೆಯಾದ 200 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2012ರಲ್ಲಿ ಹೊರಬಂತು. ಮಾಮೂಲು ಕ್ಲಿನಿಕ್ಕಿಗೆ ಕಳುಹಿಸಿದವರೂ ಇಲ್ಲಿಗೆ ಬಂದವರೂ ವೈದ್ಯರನ್ನು ಕಂಡ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಇಲ್ಲಿನವರು ಓಡಿದ್ದು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ.